ದಡಾರಕ್ಕೆ ಬಾಲ್ಯದ ಲಸಿಕೆ ಸಾಕು, ಫ್ಲೂಗೆ ಮಾತ್ರ ಪ್ರತಿವರ್ಷ ಏಕೆ?

ಮಗುವಿಗೆ ದಡಾರದ ಲಸಿಕೆಯನ್ನು ಎರಡು ಸಲ ಹಾಕಿಸಿದರೆ ಮುಗಿಯಿತು, ಮನೆಯ ಹಿರಿಯರಿಗೆ ಮಾತ್ರ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿ ಎನ್ನುತ್ತಾರೆ. ಎರಡೂ ವೈರಸ್‌ಗಳೇ ಅಲ್ಲವೇ ಎಂದು ಕೇಳಿದ್ದೀರಿ. ಸೂಕ್ಷ್ಮಜೀವಿ ವಿಜ್ಞಾನ ಕಲಿಸುವ ನನಗೆ ಇದು ತುಂಬ ಇಷ್ಟವಾದ ಪ್ರಶ್ನೆ.

‘ಫ್ಲೂ ಆರ್‌ಎನ್‌ಎ ವೈರಸ್, ಅದಕ್ಕೇ ಬೇಗ ರೂಪ ಬದಲಿಸುತ್ತದೆ’ ಎಂಬ ಉತ್ತರ ಎಲ್ಲೆಡೆ ಸಿಗುತ್ತದೆ. (ಆರ್‌ಎನ್‌ಎ ಎಂದರೆ ಇಂಥ ವೈರಸ್‌ಗಳು ತಮ್ಮ ಆನುವಂಶಿಕ ಮಾಹಿತಿಯನ್ನು ಬರೆದಿಟ್ಟುಕೊಳ್ಳುವ ಅಣು.) ಅಷ್ಟಕ್ಕೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ದಡಾರದ್ದೂ ಆರ್‌ಎನ್‌ಎ ವೈರಸ್ಸೇ. ಎರಡೂ ನಮ್ಮ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಪ್ರೋಟೀನು ಕಾರ್ಖಾನೆಗಳಾದ ರೈಬೋಸೋಮ್‌ಗಳಿಂದಲೇ ತಮ್ಮ ಪ್ರೋಟೀನುಗಳನ್ನು ಮಾಡಿಸಿಕೊಳ್ಳುತ್ತವೆ. ಆರ್‌ಎನ್‌ಎಯನ್ನು ನಕಲು ಮಾಡುವಾಗ ಆದ ತಪ್ಪನ್ನು ತಿದ್ದುವ ಏರ್ಪಾಡು ಎರಡರಲ್ಲೂ ಇಲ್ಲ. (ಕೊರೊನಾ ವೈರಸ್‌ಗಳಿಗೆ ಅದಿದೆ.) ಹೀಗಾಗಿ ತಪ್ಪುಗಳು ಎರಡರಲ್ಲೂ ನುಸುಳುತ್ತಲೇ ಇರುತ್ತವೆ. ಅವುಗಳಲ್ಲಿ ಎಂಥದ್ದನ್ನು ಇಟ್ಟುಕೊಂಡು ವೈರಸ್ ಬದುಕಬಲ್ಲದು ಎಂಬುದೇ ಮುಖ್ಯ.

ದಡಾರದ ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವ ಪ್ರೋಟೀನು ಬದಲಾವಣೆಯನ್ನು ಅಷ್ಟಾಗಿ ಸಹಿಸುವುದಿಲ್ಲ. ನಮ್ಮ ಪ್ರತಿಕಾಯಗಳು (ವೈರಸ್ಸನ್ನು ಹಿಡಿದು ತಡೆಯುವ ರಕ್ಷಕ ಪ್ರೋಟೀನುಗಳು) ಅದನ್ನು ಹಿಡಿಯುವ ಜಾಗಗಳಲ್ಲಿ ಕೆಲವು, ಅದು ಜೀವಕೋಶವನ್ನು ಹಿಡಿಯುವ ಜಾಗಗಳೂ ಹೌದು. ಅಲ್ಲಿ ರೂಪ ಕೆಟ್ಟರೆ ವೈರಸ್ಸಿಗೆ ಒಳಗೆ ಹೋಗಲಾಗದು. ಜೊತೆಗೆ ಪ್ರತಿಕಾಯಗಳು ಒಂದೇ ಕಡೆಯಲ್ಲ, ಹಲವು ಕಡೆ ಏಕಕಾಲಕ್ಕೆ ಹಿಡಿಯುತ್ತವೆ. 1954ರಲ್ಲಿ ಅಮೆರಿಕದಲ್ಲಿ ಒಬ್ಬ ಹುಡುಗನಿಂದ ಪ್ರತ್ಯೇಕಿಸಿದ ಎಡ್ಮನ್‌ಸ್ಟನ್ ತಳಿಯಿಂದ ಬಂದ ಲಸಿಕೆಗಳು ಇಂದಿಗೂ ಕೆಲಸ ಮಾಡುತ್ತಿರುವುದು ಇದರಿಂದಲೇ. ಎಷ್ಟು ಸಲ ಹೇಳಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ಫ್ಲೂ ವೈರಸ್ಸಿನ ಹೀಮಗ್ಲುಟಿನಿನ್ ಎಂಬ ಪ್ರೋಟೀನು ಹಾಗಲ್ಲ. ಜೀವಕೋಶವನ್ನು ಹಿಡಿಯುವ ಕುಳಿಯನ್ನು ಹಾಗೆಯೇ ಉಳಿಸಿಕೊಂಡು, ಅದರ ಸುತ್ತಲಿನ ಭಾಗವನ್ನು ಅದು ಬದಲಿಸಿಕೊಳ್ಳಬಲ್ಲದು. ಕಳೆದ ವರ್ಷದ ಪ್ರತಿಕಾಯಗಳಿಗೆ ಈ ವರ್ಷ ಸರಿಯಾದ ಹಿಡಿತ ಸಿಗದಿರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಲಸಿಕೆಯ ತಳಿಗಳನ್ನು ಪರಿಶೀಲಿಸುತ್ತದೆ. ಲಸಿಕೆಯಿಂದ ಬಂದ ರಕ್ಷಣೆ ಕೆಲವೇ ತಿಂಗಳಲ್ಲಿ ಇಳಿಯುವುದೂ ಒಂದು ಕಾರಣ.

ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ದಡಾರದ ಜೀನೋಮ್ (ಅದರ ಆನುವಂಶಿಕ ಮಾಹಿತಿಯ ಒಟ್ಟು ಮೊತ್ತ) ಹೊಲಿದ ಪುಸ್ತಕದಂತೆ ಒಂದೇ ಎಳೆ. ಇನ್‌ಫ್ಲುಯೆಂಜಾ ‘ಎ’ಯದು ಬಿಡಿ ಹಾಳೆಗಳಂಥ ಎಂಟು ತುಣುಕುಗಳು. ಒಂದೇ ಜೀವಕೋಶಕ್ಕೆ ಎರಡು ಬಗೆಯ ಫ್ಲೂ ವೈರಸ್‌ಗಳು ಹೊಕ್ಕರೆ ಹಾಳೆಗಳು ಅದಲುಬದಲಾಗಿ ಹೊಸ ವೈರಸ್ ಹುಟ್ಟಬಹುದು. 1957ರ ಮಹಾಮಾರಿಯ ವೈರಸ್ಸಿನಲ್ಲಿ ಮೂರು ತುಣುಕುಗಳು, 1968ರದ್ದರಲ್ಲಿ ಎರಡು ತುಣುಕುಗಳು ಹಕ್ಕಿಗಳ ಫ್ಲೂನಿಂದ ಬಂದವು. ದಡಾರಕ್ಕೆ ಮನುಷ್ಯರ ಹೊರತು ಬೇರೆ ನೆಲೆಯಿಲ್ಲ. ಫ್ಲೂಗೆ ಬಾತುಕೋಳಿಗಳು, ಹಂದಿಗಳು ಎಲ್ಲವೂ ನೆಲೆಯೇ.

ಆ್ಯಂಟಿಬಯಾಟಿಕ್ ಇವೆರಡಕ್ಕೂ ನಾಟುವುದಿಲ್ಲ. ಎರಡಕ್ಕೂ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು ಮಾತ್ರ ಕೈಮೇಲಿನ ವೈರಸ್ಸನ್ನು ಚೆನ್ನಾಗಿಯೇ ಹಾಳುಮಾಡುತ್ತದೆ.

ದಡಾರ ಬಂದು ಹೋದರೆ ಹೋಗಲಿ, ಲಸಿಕೆ ಏಕೆ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ತಿಳಿಸಿ: ಈ ವೈರಸ್ ನಮ್ಮ ರೋಗನಿರೋಧಕ ವ್ಯವಸ್ಥೆಯ ನೆನಪಿನ ಕೋಶಗಳನ್ನೇ ನಾಶಮಾಡುತ್ತದೆ. ಬೇರೆ ರೋಗಗಳ ವಿರುದ್ಧ ಮಗು ಗಳಿಸಿದ್ದ ರಕ್ಷಣೆಯೂ ಕುಂದುತ್ತದೆ. ಎರಡನೇ ಡೋಸ್ ಬಾಕಿಯಿದ್ದರೆ 16ರಿಂದ 24 ತಿಂಗಳೊಳಗೆ ಹಾಕಿಸಿ. ಆ ವಯಸ್ಸು ದಾಟಿದ್ದರೂ ಆರೋಗ್ಯ ಕೇಂದ್ರದಲ್ಲಿ ಕೇಳಿ.