ಖಾಲಿ ಬಿಟ್ಟ ಹತ್ತೊಂಬತ್ತು ವೃತ್ತಗಳು

ಕೆಲವು ತಿಂಗಳಿಂದ ಕಾರವಾರದ ನನ್ನ ಸಲಹಾ ಕೊಠಡಿಗೆ ನಲವತ್ತು ದಾಟಿದ ಪ್ರಾಥಮಿಕ ಶಾಲಾ ಶಿಕ್ಷಕರು ಬರುವುದು ಹೆಚ್ಚಾಗಿದೆ. ನಿದ್ದೆ ಇಲ್ಲ, ಸುಮ್ಮನೆ ಸಿಟ್ಟು ಬರುತ್ತದೆ ಎಂದು ಶುರುವಾಗುವ ಮಾತು ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಬಂದು ನಿಲ್ಲುತ್ತದೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಇದರಲ್ಲಿ ಉತ್ತೀರ್ಣರಾಗಬೇಕು ಎಂದಿತು. ಅದಕ್ಕಿಂತ ಕಡಿಮೆ ಸೇವೆ ಇರುವವರಿಗೆ ವಿನಾಯಿತಿ ಉಂಟು, ಬಡ್ತಿ ಬೇಕೆಂದರೆ ಅವರೂ ಬರೆಯಬೇಕು.

ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ. ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವಂತೆ ಅಕ್ಕೋರು ಎಂದೇ ಕರೆಯುತ್ತೇನೆ. ವಯಸ್ಸು 47. ಟಿಸಿಎಚ್ ಎಂಬ ಶಿಕ್ಷಕ ತರಬೇತಿ ಮುಗಿಸಿ ಸೇರಿದವರಿಗೆ ಈಗ 23 ವರ್ಷದ ಸೇವೆ. ಕಡಲಂಚಿನ ಊರಿನ ಶಾಲೆಯಲ್ಲಿ, ಚಿಕ್ಕ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿ ತರಗತಿ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು ಮೀನಿನ ಚಿತ್ರ ನೋಡಿ ‘ನುಸ್ತೆ’ ಎಂದರೆ ಅದನ್ನೂ ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ‘ಮೀನು’ ಎಂದು ಬರೆಯುವವರು. ಅಂಥವರು ಟಿಇಟಿ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿ, ಮನೆಯವರು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಓದುತ್ತಿದ್ದರು. ಪಿಯುಸಿ ಓದುವ ಮಗನಿಗೂ ಗೊತ್ತಿರಲಿಲ್ಲ.

ಮೂರನೆಯ ಭೇಟಿಯ ದಿನ ಜೋರು ಮಳೆ. ಪ್ಲಾಸ್ಟಿಕ್ ಚೀಲದಿಂದ ಅಭ್ಯಾಸ ಪರೀಕ್ಷೆಯ ಓಎಂಆರ್ ಹಾಳೆ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂದರಿಂದ ಐದನೇ ತರಗತಿಗೆ ಕಲಿಸುವವರ ಮೊದಲ ಪತ್ರಿಕೆ ಅದು: ಶಿಶು ವಿಕಾಸ ಮತ್ತು ಬೋಧನಾ ವಿಧಾನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೂ 30 ಪ್ರಶ್ನೆ. ಒಟ್ಟು 150 ಪ್ರಶ್ನೆ, 150 ನಿಮಿಷ. ಅವರಿಗೆ ಬೇಕಾದದ್ದು ಶೇಕಡಾ 60, ಅಂದರೆ 90 ಅಂಕ. ಬಂದದ್ದು 71. ನನ್ನ ಕಣ್ಣು ಹೋದದ್ದು ಅಂಕದ ಮೇಲಲ್ಲ. ಹಾಳೆಯಲ್ಲಿ ಹತ್ತೊಂಬತ್ತು ಸಾಲು ಪೆನ್ನು ಸೋಕದೆ ಉಳಿದಿದ್ದವು.

“ತಪ್ಪಿಗೆ ಅಂಕ ಕಳೆಯುವುದಿಲ್ಲವಲ್ಲ, ಇವನ್ನು ಯಾಕೆ ಬಿಟ್ಟಿರಿ?” ಎಂದು ಕೇಳಿದೆ.

“ಗೊತ್ತಿಲ್ಲದ್ದಕ್ಕೆ ಗುರುತು ಹಾಕುವುದು ಮೋಸ ಅಲ್ಲವೇ ಮೇಡಂ? ಮಕ್ಕಳಿಗೂ ಅದನ್ನೇ ಹೇಳಿದ್ದೇನೆ.” ಸ್ವಲ್ಪ ಹೊತ್ತು ಸೆರಗಿನ ತುದಿಯಿಂದ ಹಾಳೆಯ ಮೇಲಿನ ಒಂದು ಹನಿ ನೀರು ಒರೆಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ಖಾಲಿ ಬಿಟ್ಟರೆ ಗೊತ್ತಿಲ್ಲ ಎಂದಾಗುತ್ತದೆ. ತಪ್ಪು ಬರೆದರೆ, ಇಷ್ಟು ವರ್ಷ ಇವಳು ಮಕ್ಕಳಿಗೆ ತಪ್ಪನ್ನೇ ಕಲಿಸಿದಳು ಎಂದಾಗುತ್ತದೆ.”

ನಾನು ತಕ್ಷಣ ಏನೂ ಹೇಳಲಿಲ್ಲ. ಹೇಳಬಾರದಿತ್ತು ಕೂಡ. ಪಠ್ಯಕ್ರಮ ಕಷ್ಟ ಎಂದು ಬಂದವರೆಂದು ಎರಡು ಭೇಟಿ ಪೂರ್ತಿ ವೇಳಾಪಟ್ಟಿಯ ಬಗ್ಗೆ ಮಾತಾಡಿದ್ದೆ, ಅದು ನನ್ನ ತಪ್ಪು. ಅವರನ್ನು ತಿನ್ನುತ್ತಿದ್ದುದು ಅವಮಾನ. ಪ್ರತಿ ಪ್ರಶ್ನೆಯೂ ತನ್ನ 23 ವರ್ಷವನ್ನು ಕಟಕಟೆಗೆ ಕರೆಯುತ್ತಿದೆ ಎಂದುಕೊಂಡು ಯಾರು ತಾನೇ ಬರೆದಾರು?

ಕೊನೆಗೆ ಕೇಳಿದೆ: “ನಲಿ-ಕಲಿಯಲ್ಲಿ ಮಗು ಕಲಿಕಾ ಏಣಿಯ ಒಂದು ಮೆಟ್ಟಿಲಲ್ಲಿ ತಪ್ಪಿದರೆ ಏನು ಮಾಡುತ್ತೀರಿ?”

“ಎಲ್ಲಿ ತಪ್ಪಿತು ಎಂದು ನೋಡುತ್ತೇನೆ. ಅದೇ ಕಾರ್ಡು ಮತ್ತೆ ಕೊಡುತ್ತೇನೆ.”

“ಮಗು ಬಾಯಿಯೇ ಬಿಡದಿದ್ದರೆ?”

“ಅದು ಕಷ್ಟ,” ಎಂದವರು ಅಲ್ಲಿಗೇ ನಿಂತರು. ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

ಅವರ ಪ್ರಾಮಾಣಿಕತೆಯನ್ನು ಬದಿಗಿಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಹೀಗೆ ಹೇಳಿದೆ: ನಾಲ್ಕು ಆಯ್ಕೆಗಳಲ್ಲಿ ಖಂಡಿತ ಅಲ್ಲ ಎನಿಸುವುದನ್ನು ಮೊದಲು ಹೊಡೆದುಹಾಕಿ, ಉಳಿದದ್ದರಲ್ಲಿ ಒಂದನ್ನು ತುಂಬಿ. ಊಹಿಸಿ ಬರೆದ ಪ್ರಶ್ನೆಯ ಪಕ್ಕ ಪ್ರಶ್ನೆಪತ್ರಿಕೆಯಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆ ನಿಮ್ಮ ಮನಸ್ಸಾಕ್ಷಿಗೆ. ಮರುದಿನ ಮೊದಲು ಓದಬೇಕಾದದ್ದೂ ಚುಕ್ಕೆ ಇದ್ದವುಗಳನ್ನೇ. ಬೋಧನಾ ವಿಧಾನದ ಪ್ರಶ್ನೆ ಬಂದಾಗ ಪುಸ್ತಕದ ಹೆಸರುಗಳಿಗೆ ಬೆದರಬೇಡಿ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ನೆರವಿದ್ದರೆ ಮಾಡಬಲ್ಲದ್ದಕ್ಕೂ ನಡುವಿನ ಅಂತರವನ್ನು ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ವಿವರಿಸಿದ್ದಾರೆ. ‘ನುಸ್ತೆ’ಯ ಪಕ್ಕ ‘ಮೀನು’ ಬರೆಯುವಾಗ ನೀವು ನಿಂತಿರುವುದು ಆ ಅಂತರದಲ್ಲೇ. ಇನ್ನೊಂದು ಮಾತು, ಪುಸ್ತಕದ ಕ್ಯಾಲೆಂಡರ್ ಹಾಳೆ ತೆಗೆಯಿರಿ. ಮಗನ ಎದುರಿಗೇ, ಗಡಿಯಾರ ಇಟ್ಟುಕೊಂಡು ಬರೆಯಿರಿ.

ಇಂಥ ಸಲಹೆ ಕೊಡುವುದೆಂದರೆ ಅನ್ಯಾಯಕ್ಕೆ ತಲೆಬಾಗಿಸಿದಂತೆ ಎಂದು ಇನ್ನೊಬ್ಬ ಶಿಕ್ಷಕರು ನನ್ನ ಮೇಲೆ ರೇಗಿದರು. ಸೇರುವಾಗ ಇಲ್ಲದ ಷರತ್ತನ್ನು ನಡುಹಾದಿಯಲ್ಲಿ ಹಾಕಿದರೆ ನೋವಾಗುತ್ತದೆ, ಆ ನೋವು ನ್ಯಾಯವಾದದ್ದು. ಮನವಿ, ಹೋರಾಟ ನಡೆಯಲಿ. ನಡೆಸುವವರ ಬಗ್ಗೆ ನನಗೆ ಗೌರವವಿದೆ. ಆದರೆ ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಂಡು ಎದ್ದು ಕೂರುವವರಿಗೆ ‘ಕಾದು ನೋಡಿ’ ಎಂದು ನಾನು ಹೇಳಲಾರೆ. ಕಾಯುವುದರಿಂದಲೇ ಅವರ ನಿದ್ದೆ ಕೆಟ್ಟಿದೆ. ಓದುತ್ತಲೂ ಹೋರಾಡಬಹುದು.

ಅಕ್ಕೋರ ಮಗ ಈಗ ಇಂಗ್ಲಿಷ್ ಭಾಗಕ್ಕೆ ಜೊತೆ ಕೂರುತ್ತಾನಂತೆ. ತಪ್ಪಿದರೆ ಅಮ್ಮನನ್ನು ಗದರಿಸುತ್ತಾನೆ ಎಂದು ಹೇಳುವಾಗ ಅವರ ಮುಖದಲ್ಲಿ ನಗು ಇತ್ತು. ಮೊನ್ನೆ ತಂದ ಹಾಳೆಯಲ್ಲಿ ಅಂಕ 86, ಇನ್ನೂ ನಾಲ್ಕು ಬೇಕು. ಖಾಲಿ ಉಳಿದದ್ದು ಎರಡೇ, ಕೊನೆಯ ಎರಡು. ನಾನು ಅವುಗಳ ಮೇಲೆ ಬೆರಳಿಟ್ಟೆ.

“ಅದಕ್ಕೆ ಹೊತ್ತು ಸಾಲಲಿಲ್ಲ ಮೇಡಂ,” ಎಂದರು.