ಒಳ್ಳೆ ಡಬಲ್ಸ್ ಆಟಗಾರ, ಒಳ್ಳೆ ಕೋಚ್ ಕೂಡ ಆಗ್ತಾರಾ?

ಡೆನ್ಮಾರ್ಕ್‌ನ ಬ್ಯಾಡ್ಮಿಂಟನ್ ಆಟಗಾರ ಮಥಿಯಾಸ್ ಬೋ ಆಡುವಾಗ ಎಷ್ಟು ದೊಡ್ಡವರು, ಕೋಚ್ ಆದ ಮೇಲೆ ನಮ್ಮ ಡಬಲ್ಸ್ ಜೋಡಿ ಸಾತ್ವಿಕ್-ಚಿರಾಗ್‌ಗೆ ಅವರಿಂದ ನಿಜಕ್ಕೂ ಏನು ಸಿಕ್ಕಿತು ಅನ್ನೋದೇ ಪ್ರಶ್ನೆ.

ಬೋಗೆ ತಮ್ಮ ಡಬಲ್ಸ್ ಜೊತೆಗಾರ ಕಾರ್ಸ್ಟೆನ್ ಮೊಗೆನ್ಸನ್ ಜೊತೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 2011ರಲ್ಲಿ ಬ್ಯಾಡ್ಮಿಂಟನ್‌ನ ಹೆಸರಾಂತ ಟೂರ್ನಿ ಆಲ್ ಇಂಗ್ಲೆಂಡ್ ಗೆದ್ದರು. 2014ರಲ್ಲಿ ಮೊಗೆನ್ಸನ್‌ಗೆ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ಮರುವರ್ಷ ಅದೇ ಜೋಡಿ ಮತ್ತೆ ಆಲ್ ಇಂಗ್ಲೆಂಡ್ ಗೆದ್ದಿತು! ನನಗೆ ಅವರ ಬೇರೆಲ್ಲಾ ಗೆಲುವಿಗಿಂತ ಇದೇ ಜಾಸ್ತಿ ಇಷ್ಟ.

ಬೋ ಎಡಗೈ ಆಟಗಾರ, ಹೆಸರು ಮಾಡಿದ್ದು ನೆಟ್ ಹತ್ತಿರದ ಆಟದಿಂದ. ನಮ್ಮವರಿಗೆ ಬೇಕಿದ್ದದ್ದೂ ಅದೇ ಅಲ್ವಾ? ಸಾತ್ವಿಕ್ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ವೇಗದ ಗಿನ್ನೆಸ್ ದಾಖಲೆ ಮಾಡಿದೆ, ಹೊಡೆತದ ಕೊರತೆ ಯಾವತ್ತೂ ಇರಲಿಲ್ಲ. ಆದರೆ ಡಬಲ್ಸ್‌ನಲ್ಲಿ ಪಾಯಿಂಟ್ ಬಹಳ ಸಲ ಮೊದಲ ಮೂರು ಹೊಡೆತದಲ್ಲೇ ತೀರ್ಮಾನ ಆಗುತ್ತದೆ. ಸರ್ವ್ ನೆಟ್ ಸವರಿದ ಹಾಗೆ ಹೋಗಬೇಕು. ಸರ್ವ್ ಮಾಡಿದವನ ರಾಕೆಟ್ ತಕ್ಷಣ ಮೇಲೆ ಬರಬೇಕು. ಚಿರಾಗ್ ಮುಂದೆ ನಿಂತು ಷಟಲ್ ಅನ್ನು ಅರ್ಧದಲ್ಲೇ ತಡೆಯೋದನ್ನು ನಿಧಾನಗತಿಯಲ್ಲಿ ನೋಡಿ, ಗೊತ್ತಾಗುತ್ತದೆ.

ಬೋ ಕೋಚ್ ಆಗಿ ಬಂದದ್ದು 2021ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಾತ್ವಿಕ್-ಚಿರಾಗ್ ಮೂರರಲ್ಲಿ ಎರಡು ಪಂದ್ಯ ಗೆದ್ದರೂ ಗುಂಪು ಹಂತದಲ್ಲೇ ಹೊರಬಿದ್ದರು. ಅವರು ಸೋಲಿಸಿದ ತೈವಾನ್‌ನ ಲೀ ಯಾಂಗ್-ವಾಂಗ್ ಚಿ ಲಿನ್ ಜೋಡಿಯೇ ಕೊನೆಗೆ ಚಿನ್ನ ಗೆದ್ದಿತು. ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಭಾರತ ತಂಡದ ಜೊತೆ 2022ರ ಥಾಮಸ್ ಕಪ್ (ಪುರುಷರ ತಂಡಗಳ ವಿಶ್ವ ಟೂರ್ನಿ), 2023ರ ಏಷ್ಯನ್ ಗೇಮ್ಸ್ ಚಿನ್ನ, ವಿಶ್ವದ ನಂಬರ್ ಒನ್ ಸ್ಥಾನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಜೋಡಿ ಕ್ವಾರ್ಟರ್ ಫೈನಲ್ ಸೋತ ಮೇಲೆ ಬೋ ಕೋಚಿಂಗ್ ಬಿಡುತ್ತೇನೆ ಅಂದರು.