ಪದೇ ಪದೇ ಬರುವ ಬಾಯಿ ಹುಣ್ಣು: ಬಿ-ಕಾಂಪ್ಲೆಕ್ಸ್ ನುಂಗಿದರೆ ಸಾಕಾ?

ತಿಂಗಳು ತಿಂಗಳೂ ಬಾಯಿ ಹುಣ್ಣು ಬರುತ್ತದೆ, ಬಿ-ಕಾಂಪ್ಲೆಕ್ಸ್ ನುಂಗಿದರೂ ಮತ್ತೆ ಹಾಜರ್, ಈಗ ಎಂಟು ವರ್ಷದ ಮಗಳಿಗೂ ಶುರುವಾಗಿದೆ, ಇದು ಅಂಟುತ್ತದಾ, ಪೂರ್ತಿ ಹೋಗುವ ದಾರಿ ಇದೆಯಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಪಿಯುಸಿ ಓದುವಾಗಿನಿಂದ ಇದೇ ಕಾಟ ಅನುಭವಿಸಿದವನು. ಮತ್ತೆ ಬರದ ಹಾಗೆ ಬುಡಸಮೇತ ಕಿತ್ತುಹಾಕುವ ಔಷಧಿ ಇಲ್ಲ. ಆದರೆ ಬರುವುದನ್ನು ಚೆನ್ನಾಗಿ ಕಡಿಮೆ ಮಾಡಬಹುದು. ಅದಕ್ಕೆ ಬಂದ ಹುಣ್ಣಿನ ಹಿಂದೆ ಬೀಳುವುದಕ್ಕಿಂತ, ಯಾಕೆ ಬರುತ್ತಿದೆ ಅಂತ ಹುಡುಕಬೇಕು.

ಮೊದಲು ಇದು ಪದೇ ಪದೇ ಬರುವ ಆ ಸಾಮಾನ್ಯ ಬಾಯಿ ಹುಣ್ಣೇ ಹೌದಾ ನೋಡಿಕೊಳ್ಳಿ. ಒಂದು ದಿನ ಮುಂಚೆ ಆ ಜಾಗ ಚುರುಚುರು ಅನ್ನುತ್ತದೆ. ಆಮೇಲೆ ಮಧ್ಯೆ ಬಿಳಿ ಅಥವಾ ಹಳದಿ, ಸುತ್ತ ಕೆಂಪು ಅಂಚಿನ ಸಣ್ಣ ಗುಳಿ. ತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಅಡಿಗೆ ಅಥವಾ ಅಂಚಿಗೆ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಒಂದೆರಡು ವಾರದಲ್ಲಿ ಕಲೆ ಇಲ್ಲದೆ ತಾನೇ ಮಾಯುತ್ತದೆ. ಆದರೆ ಅಷ್ಟು ದಿನ ಸಾರು ಅನ್ನವೂ ಶತ್ರು. ನಾಲಿಗೆಗಂತೂ ಬೇರೆ ಕೆಲಸವೇ ಇಲ್ಲ, ಹೋಗಿ ಹೋಗಿ ಅದನ್ನೇ ಮುಟ್ಟುತ್ತದೆ. ತುಟಿಯ ಹೊರಗೆ ನೀರುಗುಳ್ಳೆಗಳ ಗೊಂಚಲಾಗಿ ಬರುವುದು ಬೇರೆ. ಅದು ಹರ್ಪಿಸ್ ವೈರಸ್ ಕೆಲಸ, ಅದು ಅಂಟುತ್ತದೆ. ಒಳಗಿನ ಈ ಹುಣ್ಣು ಅಂಟುವುದಿಲ್ಲ. ಮಗಳಿಗೆ ನಿಮ್ಮ ಲೋಟದಿಂದ ಬಂದಿಲ್ಲ. ಇದು ಮನೆತನದಲ್ಲಿ ಬರುವುದು ಜಾಸ್ತಿ, ನಮ್ಮಮ್ಮನಿಗೂ ಇತ್ತು.

ಈಗ ಕಾರಣದ ಮಾತು. ನಿಮಗೆ ಪ್ರತಿ ಸಲ ಒಂದೇ ಜಾಗದಲ್ಲಿ ಬರುತ್ತದಾ? ನನಗೆ ಎಡಗೆನ್ನೆಯ ಒಳಗೇ ಜಾಸ್ತಿ ಬರುತ್ತಿತ್ತು. ಹಲ್ಲಿನ ಡಾಕ್ಟರ್ ಗ್ಲೌಸ್ ಹಾಕಿದ ಬೆರಳನ್ನು ಆ ಕಡೆಯ ದವಡೆ ಹಲ್ಲುಗಳ ಮೇಲೆ ನಿಧಾನವಾಗಿ ಸವರಿದರು. ಒಂದು ಕಡೆ ಬೆರಳು ನಿಂತಿತು. ಯಾವಾಗಲೋ ಚೂರು ಮುರಿದ ಹಲ್ಲು, ಅಂಚು ಗರಗಸದ ಹಾಗಿತ್ತಂತೆ. ಮಷಿನ್ನಿನಲ್ಲಿ ಜುಯ್ ಅಂತ ಉಜ್ಜಿ ನಯ ಮಾಡಿದರು. ನೋವಿಲ್ಲ, ಇಂಜೆಕ್ಷನ್ ಇಲ್ಲ. ಅಲ್ಲಿಗೆ ಆ ಜಾಗದ ಹುಣ್ಣು ನಿಂತಿತು. ಗಟ್ಟಿ ಬ್ರಷ್, ಕ್ಲಿಪ್ ಹಾಕಿದ ಹಲ್ಲು, ಗಡಿಬಿಡಿಯಲ್ಲಿ ಊಟ ಮಾಡಿ ಕೆನ್ನೆ ಕಚ್ಚಿಕೊಳ್ಳುವುದು, ಎಲ್ಲ ಇದೇ ಗುಂಪು.

ಟೂತ್‌ಪೇಸ್ಟ್ ಕೂಡ ನೋಡಿ. ನೊರೆ ಬರಲಿ ಅಂತ ಸೋಡಿಯಂ ಲಾರಿಲ್ ಸಲ್ಫೇಟ್ ಹಾಕಿರುತ್ತಾರೆ. ಕೆಲವರಿಗೆ ಅದು ಬಾಯಿಯೊಳಗಿನ ತೆಳು ಚರ್ಮಕ್ಕೆ ಆಗಿಬರುವುದಿಲ್ಲ. ಅದಿಲ್ಲದ ಪೇಸ್ಟ್ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುತ್ತದೆ. ಎರಡು ಮೂರು ತಿಂಗಳು ಬಳಸಿ ನೋಡಿ, ಕಳೆದುಕೊಳ್ಳುವುದೇನೂ ಇಲ್ಲ.

ನಿದ್ದೆಗೆಟ್ಟ ವಾರ, ಪರೀಕ್ಷೆ, ಆಫೀಸಿನ ಒತ್ತಡ, ಹೆಂಗಸರಿಗೆ ಮುಟ್ಟಿನ ಆಸುಪಾಸು, ಇವೆಲ್ಲ ನಿಮಗೇ ಗೊತ್ತಿರುತ್ತದೆ. ಸಿಗರೇಟ್ ಬಿಟ್ಟ ಹೊಸದರಲ್ಲೂ ಕೆಲವರಿಗೆ ಬರುತ್ತದೆ. ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ, ತಾನೇ ಹೋಗುತ್ತದೆ.

ಇನ್ನು ರಕ್ತ. ನಿಮ್ಮಂಥವರು ಮಾಡಲೇಬೇಕಾದ ಕೆಲಸ ಇದು. ಸಿಬಿಸಿ (ರಕ್ತಕಣಗಳ ಲೆಕ್ಕ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಫೋಲೇಟ್ (ಇದೂ ಒಂದು ಬಿ ವಿಟಮಿನ್) ಟೆಸ್ಟ್ ಬರೆದುಕೊಡಿ ಅಂತ ಡಾಕ್ಟರ್ ಹತ್ತಿರ ಕೇಳಿ. ಕಬ್ಬಿಣ, ಬಿ12, ಫೋಲೇಟ್ ಮೂರರಲ್ಲಿ ಯಾವುದು ಕಡಿಮೆಯಾದರೂ ಬಾಯಿ ಹೇಳುತ್ತದೆ. ನಾವು ಮೊಟ್ಟೆಯನ್ನೂ ಮುಟ್ಟದ ಮನೆಯವರು. ನನ್ನ ಬಿ12 200ಕ್ಕಿಂತ (pg/mL ಲೆಕ್ಕದಲ್ಲಿ) ಕೆಳಗಿತ್ತು, ಅಂದರೆ ಕೊರತೆ. ಬಿ12 ಸೊಪ್ಪು ತರಕಾರಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಅಷ್ಟೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ, ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುವುದನ್ನು ವರ್ಷಗಟ್ಟಲೆ ರೂಢಿ ಮಾಡಿಕೊಂಡವರಿಗೆ ಕೂಡ ಇದು ಇಳಿಯುತ್ತದೆ.

ಬಿ-ಕಾಂಪ್ಲೆಕ್ಸ್ ಯಾಕೆ ಸಾಲಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇರಬಹುದು. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಬಿ12 ಇರುವುದು ಹದಿನೈದು ಮೈಕ್ರೋಗ್ರಾಂ ಆಚೀಚೆ. ಕೊರತೆ ಇದ್ದವರಿಗೆ ಡಾಕ್ಟರ್ ಬರೆಯುವ ಮಾತ್ರೆಯಲ್ಲಿ 1000 ಅಥವಾ 1500 ಇರುತ್ತದೆ. ಇಸ್ರೇಲಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಿನಕ್ಕೆ 1000 ಮೈಕ್ರೋಗ್ರಾಂ ಬಿ12 ಅನ್ನು ಆರು ತಿಂಗಳು ಕೊಟ್ಟಿದ್ದರು. ಹುಣ್ಣು ಕಡಿಮೆಯಾಯಿತು, ಆದರೆ ಆರು ತಿಂಗಳು ಹತ್ತಿರ ಬಂದಾಗ. ಹುಣ್ಣು ಬಂದಾಗ ನಾಲ್ಕು ನುಂಗಿ, ಹೋದ ಮೇಲೆ ಡಬ್ಬಿ ಮುಚ್ಚಿಡುವವರಿಗೆ ಇದು ಕೆಲಸ ಮಾಡುವುದಿಲ್ಲ. ನನಗೂ ತಿಂಗಳುಗಳೇ ಬೇಕಾದವು. ಈಗ ಅಪರೂಪಕ್ಕೆ ಬರುತ್ತದೆ, ಬಂದರೂ ಬೇಗ ಹೋಗುತ್ತದೆ.

ಬಂದ ಹುಣ್ಣಿಗೆ? ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟ ಆದ ಮೇಲೆ ಮುಕ್ಕಳಿಸಿ. ನೋವು ಜಾಸ್ತಿ ಇದ್ದರೆ ಡಾಕ್ಟರ್ ಟ್ರಯಾಮ್ಸಿನೋಲೋನ್ ಅನ್ನುವ ಸ್ಟೀರಾಯ್ಡ್ ಪೇಸ್ಟ್ ಕೊಡುತ್ತಾರೆ. ಚುರುಚುರು ಶುರುವಾದ ದಿನವೇ ಹಚ್ಚಿದರೆ ಲಾಭ. ಮೊದಲು ಆ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಿ, ರಾತ್ರಿ ಮಲಗುವ ಮುಂಚೆ ಒಂಚೂರು ಮೆತ್ತಿ. ಉಜ್ಜಬೇಡಿ, ಉಜ್ಜಿದರೆ ಪುಡಿಪುಡಿಯಾಗಿ ಎದ್ದು ಬರುತ್ತದೆ. ಒದ್ದೆ ಜಾಗಕ್ಕೆ ಹಚ್ಚಿ "ಅಂಟುವುದೇ ಇಲ್ಲ" ಅನ್ನುವವರೇ ಜಾಸ್ತಿ.

ಮನೆಮದ್ದಿಗೆ ನನ್ನ ವಿರೋಧ ಇಲ್ಲ. ಅಮ್ಮ "ಉಷ್ಣ ಆಗಿದೆ" ಅಂದು ಒಂದೆಲಗದ ತಂಬುಳಿ ಮಾಡುತ್ತಾರೆ, ಕೊಬ್ಬರಿ ಕಲ್ಲುಸಕ್ಕರೆ ಅಗಿಯಲು ಕೊಡುತ್ತಾರೆ. ಉರಿಗೆ ಹಿತ, ಖಾರದಿಂದ ಬಿಡುವು, ಹೊಟ್ಟೆಗೆ ಸೊಪ್ಪು ಮಜ್ಜಿಗೆ ಎರಡೂ ಹೋಗುತ್ತದೆ. ಆದರೆ ತಂಬುಳಿಯೊಂದರಿಂದಲೇ ಬಿ12 ಏರಲ್ಲ. ಹುಣ್ಣಿನ ಮೇಲೆ ಹರಳುಪ್ಪು, ಪಟಿಕ, ಸುಣ್ಣ ಇಟ್ಟು ಸುಡುವುದು ಮಾತ್ರ ಬೇಡವೇ ಬೇಡ. ಗಾಯ ದೊಡ್ಡದಾಗುತ್ತದೆ, ಅಷ್ಟೇ.

ಒಂದು ವಿಷಯದಲ್ಲಿ ಉದಾಸೀನ ಬೇಡ. ಮೂರು ವಾರವಾದರೂ ಮಾಯದ ಹುಣ್ಣು, ನೋವಿಲ್ಲದ ಗಟ್ಟಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಸೀದಾ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಎಲೆಅಡಿಕೆ, ಗುಟ್ಕಾ ಹಾಕುವವರಿಗಂತೂ ಇದು ಎರಡು ಪಟ್ಟು ಅನ್ವಯ. ಖಾರ ತಿಂದರೆ ಬಾಯೆಲ್ಲ ಉರಿ, ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿಲ್ಲ ಅಂದರೆ ಅದು ಅಡಿಕೆ ಜಗಿಯುವುದರಿಂದ ಬರುವ ಬೇರೆಯೇ ಕಾಯಿಲೆ ಇರಬಹುದು. ನಮ್ಮದು ಅಡಿಕೆ ಬೆಳೆಯುವ ಊರು, ಈ ಮಾತು ಆಡಿದರೆ ನೆಂಟರು ಮುಖ ಸಿಂಡರಿಸುತ್ತಾರೆ. ಆದರೂ ಹೇಳುತ್ತೇನೆ. ಬಾಯಿಯ ಜೊತೆ ಗುಪ್ತಾಂಗದಲ್ಲಿ ಹುಣ್ಣು, ಕಣ್ಣು ಕೆಂಪಾಗಿ ನೋವು, ಆಗಾಗ ಭೇದಿ, ತೂಕ ಇಳಿಯುವುದು ಇದ್ದರೂ ಫಿಸಿಶಿಯನ್‌ಗೆ ತೋರಿಸಿ. ಎದೆನೋವಿಗೆ ನಿಕೊರಾಂಡಿಲ್ ತೆಗೆದುಕೊಳ್ಳುವವರು ಮಾತ್ರೆ ಚೀಟಿ ಜೊತೆಗಿಟ್ಟುಕೊಂಡು ಹೋಗಿ, ಅದರಿಂದಲೂ ಹುಣ್ಣು ಬರುತ್ತದೆ. ಆದರೆ ನೀವೇ ನಿಲ್ಲಿಸಬೇಡಿ.

ಮಗಳ ವಿಷಯಕ್ಕೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಕೊಡುವ ಬಾಯಿ ಹುಣ್ಣಿನ ಜೆಲ್‌ಗಳಲ್ಲಿ ಕೋಲಿನ್ ಸ್ಯಾಲಿಸಿಲೇಟ್ ಅನ್ನುವ ನೋವಿನ ಔಷಧಿ ಇರುವಂಥವು ಬಹಳ. ಹದಿನಾರರ ಒಳಗಿನ ಮಕ್ಕಳಿಗೆ ಅದು ಬೇಡ. ನೀವು ಹಚ್ಚಿಕೊಂಡ ಟ್ಯೂಬನ್ನೇ ಅವಳಿಗೂ ಹಚ್ಚಬೇಡಿ. ಅವಳಿಗೂ ಪದೇ ಪದೇ ಬರುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಮ ರಿಪೋರ್ಟ್ ಬಂದ ಮೇಲೆ ಬಿ12 ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ.